ಬೆಳೆದ ಟರಾಂಟುಲಾವನ್ನು ಕೊಳ್ಳಬೇಡಿ

ನಾಯಿಗೆ ಅಂಗಳವಿಲ್ಲದ, ಮಂಗಳೂರಿನ ಉರ್ವದಂಥ ಬಡಾವಣೆಯ ಫ್ಲಾಟಿಗೆ, ಗಾಜಿನ ಪೆಟ್ಟಿಗೆಯೊಳಗಿನ ಟರಾಂಟುಲಾ ಹೇಳಿ ಮಾಡಿಸಿದ ಪ್ರಾಣಿಯಂತೆ ಕಾಣುತ್ತದೆ. ಅದು ಬೊಗಳುವುದಿಲ್ಲ, ಬೆಳೆದದ್ದಾದರೆ ವಾರಕ್ಕೆ ಒಂದೆರಡು ಹುಳು ಸಿಕ್ಕಿದರೆ ಸಾಕು. ಈ ದೈತ್ಯ ಜೇಡವನ್ನು ಸಾಕುವುದೇ ತಪ್ಪೆಂಬುದು ನನ್ನ ವಾದವಲ್ಲ. ಸಾಕುವುದಾದರೆ ಬಂಧನದಲ್ಲೇ ಹುಟ್ಟಿದ ಮರಿಯನ್ನು ತಂದು ಬೆಳೆಸಬೇಕು, ಬೆಳೆದು ನಿಂತ ಜೇಡಕ್ಕೆ ಹಣ ಕೊಡಬಾರದು ಎಂಬುದಷ್ಟೇ ನನ್ನ ಹಟ. ಅದಕ್ಕೆ ಕಾರಣ ಈ ಜೀವಿಯ ಆಯುಸ್ಸಿನಲ್ಲೇ ಇದೆ.

ಮೆಕ್ಸಿಕೋದ ಕೆಂಪು ಮೊಣಕಾಲಿನ ಟರಾಂಟುಲಾದಲ್ಲಿ ಹೆಣ್ಣು ಪ್ರಾಯಕ್ಕೆ ಬರಲು ಆರೇಳು ವರ್ಷವಾದರೂ ಬೇಕು. ಆಮೇಲೆ ಅದು ಇಪ್ಪತ್ತರ ಗಡಿ ದಾಟಿಯೂ ಬದುಕುತ್ತದೆ. ಗಂಡಿನ ಪಾಡು ಬೇರೆ. ಕೊನೆಯ ಪೊರೆ ಕಳಚಿ ಪ್ರಾಯಕ್ಕೆ ಬಂದ ಮೇಲೆ ಅದಕ್ಕೆ ಸಾಮಾನ್ಯವಾಗಿ ಉಳಿಯುವುದು ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ. ಎಳೆಯ ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಕಷ್ಟ. ಹಾಗಾಗಿ ಮಾರಾಟದಲ್ಲಿ ಬೆಲೆ ಬರುವುದು ಬೆಳೆದ ಹೆಣ್ಣಿಗೆ. ಅದನ್ನು ಅಷ್ಟು ವರ್ಷ ಕಾದು ಸಾಕುವುದಕ್ಕಿಂತ ಕಾಡಿನ ಬಿಲದಿಂದ ಎಬ್ಬಿಸಿ ತರುವುದು ಅಗ್ಗ. ಆದರೆ ಕಾಡಿಗೆ ಅದು ತುಂಬಾ ದುಬಾರಿ. ಒಂದು ಮೊಟ್ಟೆಚೀಲದಿಂದ ನೂರಾರು ಮರಿಗಳು ಹೊರಬಂದರೂ ಪ್ರಾಯಕ್ಕೆ ಬರುವವರೆಗೆ ಬದುಕುವುದು ಬೆರಳೆಣಿಕೆಯಷ್ಟು. ಅಂಥ ಒಂದು ಹೆಣ್ಣನ್ನು ಒಯ್ದರೆ ಅದು ಮುಂದೆ ಇಡಬಹುದಾಗಿದ್ದ ಅಷ್ಟೂ ವರ್ಷಗಳ ಮೊಟ್ಟೆಗಳನ್ನು ಒಯ್ದಂತೆ. ಮೆಕ್ಸಿಕೋದ ಈ ಜೇಡ 1985ರಲ್ಲೇ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಬೇಕಾಯಿತು.

ನಮ್ಮ ನಾಡಿನ ಜೇಡಗಳ ಮೇಲೂ ಇದೇ ಕಣ್ಣಿದೆ. ಆಂಧ್ರದ ಗುತ್ತಿಯಲ್ಲಿ ಸಿಕ್ಕಿದ ನೀಲಿ ಟರಾಂಟುಲಾ ಪೊಯಿಸಿಲೋಥೀರಿಯಾವನ್ನು ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್ 1899ರಲ್ಲಿ ವಿವರಿಸಿದ. ಅದು ಉಳಿದಿರುವುದಾಗಿ 2008ರ ಹೊತ್ತಿಗೆ ಗೊತ್ತಿದ್ದ ನೆಲೆ ನಂದ್ಯಾಲ–ಗಿದ್ದಲೂರು ನಡುವಿನ ಕಾಡಿನ ಸಣ್ಣ ತುಂಡು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಅದೇ ವರ್ಷ ಅದನ್ನು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಸಾಲಿಗೆ ಸೇರಿಸಿತು. ಹೊರದೇಶಗಳ ಸಾಕುವವರ ಮನೆಗಳಲ್ಲಿ ಮಾತ್ರ ಅದು ಧಾರಾಳವಾಗಿದೆ. ಅದೇ 1899ರಲ್ಲಿ ಪೊಕಾಕ್ ಹೆಸರಿಟ್ಟ ಥ್ರಿಗ್ಮೋಪಿಯಸ್ ಎಂಬ ಟರಾಂಟುಲಾ ಕುಲ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಈ ಜೇಡಗಳ ಬಿಲವಿರುವುದು ಮಣ್ಣಿನ ಧರೆಗಳಲ್ಲಿ. ದಾರಿಬದಿಯ ಧರೆಯಾದರೆ ಹುಡುಕುವವನಿಗೆ ಕಷ್ಟವೇ ಇಲ್ಲ. ಪೊಯಿಸಿಲೋಥೀರಿಯಾ ಕುಲವಿಡೀ 2019ರಲ್ಲಿ ಸೈಟಿಸ್ ಪಟ್ಟಿಗೆ ಬಂತು. 2022ರ ತಿದ್ದುಪಡಿಯ ನಂತರ ನಮ್ಮ ವನ್ಯಜೀವಿ ಕಾಯ್ದೆಯೂ ಸೈಟಿಸ್ ಪಟ್ಟಿಯ ಜೀವಿಗಳನ್ನು ನಾಲ್ಕನೇ ಅನುಸೂಚಿಗೆ ತಂದಿದೆ. ಅಂಥ ಜೀವಿ ಮನೆಯಲ್ಲಿದ್ದರೆ 2024ರ ನಿಯಮಗಳಂತೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು.

ಮರಿ ನಾಜೂಕು, ಹೊಸಬರ ಕೈಯಲ್ಲಿ ಸಾಯುತ್ತದೆ, ಬೆಳೆದದ್ದೇ ಗಟ್ಟಿ ಎಂಬ ಆಕ್ಷೇಪ ಇದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಮರಿ ಕೇಳುವ ಆರೈಕೆ ದೊಡ್ಡದಲ್ಲ: ಗಾಳಿತೂತುಗಳಿರುವ ಪುಟ್ಟ ಡಬ್ಬಿ, ತೆಂಗಿನ ನಾರಿನ ಹುಡಿ, ಒಂದು ಮೂಲೆಯಲ್ಲಿ ತೇವ, ತನ್ನ ಹೊಟ್ಟೆಗಿಂತ ದೊಡ್ಡದಲ್ಲದ ಬೇಟೆ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಚಿಮುಕಿಸುವುದಕ್ಕಿಂತ ಗಾಳಿಯಾಡಿಸುವುದೇ ಮುಖ್ಯ. ಇಲ್ಲವಾದರೆ ಬೂಸು, ನುಸಿ ಎರಡೂ ಬರುತ್ತವೆ. ಮದ್ದು ಹೊಡೆದ ಮನೆಯ ಜಿರಳೆಯನ್ನು ಹಾಕಲೇಬಾರದು. ಪೊರೆ ಕಳಚುವಾಗ ಜೇಡ ಅಂಗಾತ ಮಲಗುತ್ತದೆ. ಸತ್ತಿತೆಂದು ತಿಳಿದು ಮುಟ್ಟಿದರೆ ಮೈಗೆ ಪೆಟ್ಟಾಗುತ್ತದೆ. ಡಬ್ಬಿಯಲ್ಲಿ ಜೀವಂತ ಹುಳು ಉಳಿದಿದ್ದರೆ ಅದೇ ಈ ಮೆತ್ತನೆಯ ಮೈಯನ್ನು ಕಚ್ಚಿ ತಿನ್ನಬಹುದು. ಇದನ್ನೆಲ್ಲ ಕಲಿಯುವ ತಾಳ್ಮೆ ಇಲ್ಲದವರು ಇಪ್ಪತ್ತು ವರ್ಷ ಬದುಕಬಲ್ಲ ಪ್ರಾಣಿಯನ್ನು ತರುವುದಾದರೂ ಏಕೆ? ಬೆಳೆದ ಹೆಣ್ಣು ಜೇಡವೂ ಪೊರೆ ಕಳಚುತ್ತದೆ, ಸ್ವಲ್ಪ ಎತ್ತರದಿಂದ ಬಿದ್ದರೂ ಹೊಟ್ಟೆ ಒಡೆದು ಸಾಯಬಲ್ಲದು.

ಬಂಧನದಲ್ಲಿ ಮರಿ ಮಾಡಿಸಿದರೆ ಕಾಡಿನ ಮೇಲಿನ ಒತ್ತಡ ಇಳಿಯುತ್ತದೆ ಎನ್ನುವವರು ಇನ್ನೂ ಗಂಭೀರವಾದ ಮಾತು ಹೇಳುತ್ತಾರೆ. ಒಪ್ಪುತ್ತೇನೆ, ಆದರೆ ಮೂಲ ತೋರಿಸಲು ಸಾಧ್ಯವಾದಾಗ ಮಾತ್ರ. ಕಾಡಿನಿಂದ ತಂದ ಹೆಣ್ಣು ಪೆಟ್ಟಿಗೆಯಲ್ಲಿ ಮೊಟ್ಟೆ ಇಟ್ಟರೆ ಆ ಮರಿಗಳನ್ನೂ ‘ಮನೆಯಲ್ಲಿ ಹುಟ್ಟಿದ್ದು’ ಎಂದೇ ಮಾರಬಹುದಲ್ಲ? ಸಾಕುವವರಲ್ಲಿ ಹಲವರಿಗೆ ಕಳಚಿದ ಪೊರೆಗಳನ್ನು ದಿನಾಂಕ ಬರೆದು ಎತ್ತಿಡುವ ಅಭ್ಯಾಸವಿದೆ. ಉಗುರಿನಗಲದಿಂದ ಅಂಗೈಯಗಲದವರೆಗೆ ಸಾಲಾಗಿ ಜೋಡಿಸಿದ ಆ ಪೊರೆಗಳು ಜೇಡ ಯಾರ ಕೈಯಲ್ಲಿ ಬೆಳೆಯಿತು ಎಂಬುದಕ್ಕೆ ಗಟ್ಟಿ ಸಾಕ್ಷಿ. ಊರು ಬಿಡುವಾಗ ಬೆಳೆದ ಜೇಡವನ್ನು ಇನ್ನೊಬ್ಬರಿಗೆ ಒಪ್ಪಿಸಬೇಕಾಗಿ ಬಂದರೆ, ಹಣ ತೆಗೆದುಕೊಳ್ಳದೆ ಆ ಪೊರೆಗಳನ್ನೂ ನೋಂದಣಿ ಪತ್ರವಿದ್ದರೆ ಅದನ್ನೂ ಜೊತೆಗೇ ಕೊಡಲಿ.