ಮಕ್ಕಳ ತಟ್ಟೆಗೆ ಅಕ್ಕಡಿ ಸಾಲು ಬೇಡವೇ?

ನನಗೆ ಈಗ ಐವತ್ತೈದು. ಏಳು ವರ್ಷದ ಹಿಂದೆ ಕುಂಟೆ ಹೊಡೆಯುವಾಗ ಕಾಲಿಗೆ ಆದ ಸಣ್ಣ ಗಾಯ ತಿಂಗಳಾದರೂ ಒಣಗಲಿಲ್ಲ. ಆಸ್ಪತ್ರೆಗೆ ಹೋದೆ. ರಕ್ತ ನೋಡಿ ಸಕ್ಕರೆ ಕಾಯಿಲೆ ಅಂದರು. ನಾನು ನಂಬಲಿಲ್ಲ. "ಹುಟ್ಟಿದಾಗಿನಿಂದ ಮುದ್ದೆ ತಿಂದೋನು, ಬಿಸಿಲಲ್ಲಿ ದುಡಿಯೋನು, ಅಂಥಾ ಹೊಟ್ಟೇನೂ ಬಂದಿಲ್ಲ, ನನಗೆಲ್ಲಿಂದ ಬಂತು ಶುಗರ್ರು?" ಅಂತ ಡಾಕ್ಟರ ಹತ್ತಿರವೇ ವಾದ ಮಾಡಿದೆ. ಅವರು ತಾಳ್ಮೆಯಿಂದ, "ಚಿಕ್ಕಂದಿನಲ್ಲಿ ಏನು ತಿಂದಿರಿ, ಎಷ್ಟು ತಿಂದಿರಿ, ಆಮೇಲೆ ಏನು ತಿಂದಿರಿ, ಎಲ್ಲಾ ಸೇರಿಸಿ ಲೆಕ್ಕ ಹಾಕಿ ನೋಡಿ" ಅಂದರು. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮಂಥ ಮಳೆಯಾಶ್ರಿತ ಬೇಸಾಯಗಾರರ ಮನೆಗಳಲ್ಲಿ ಎಲ್ಲರೂ ಹಾಕಿ ನೋಡಬೇಕಾದ ಲೆಕ್ಕ ಇದು.

ನಮ್ಮದು ಶಿರಾ ತಾಲ್ಲೂಕು. ಆರು ಎಕರೆ ಕೆಂಪು ನೆಲ, ಮಳೆ ಬಂದರೆ ಬೆಳೆ. ನಾನು ಹುಡುಗನಾಗಿದ್ದಾಗ ಅಪ್ಪ ರಾಗಿ ಹೊಲದಲ್ಲಿ ತಪ್ಪದೆ ಅಕ್ಕಡಿ ಸಾಲು ಬಿಡುತ್ತಿದ್ದರು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಂಚಿಗೆ ನಾಲ್ಕು ಸಾಲು ಜೋಳ. ಹಿಂಗಾರಿಗೆ ಹುರಳಿ. ಕಳೆ ತೆಗೆಯೋಕೆ ಹೋದ ಹೆಂಗಸರು ಮಡಿಲು ತುಂಬಾ ಅಣ್ಣೆಸೊಪ್ಪು, ಕಿರಕಸಾಲೆ, ಗೋಣಿಸೊಪ್ಪು ತರುತ್ತಿದ್ದರು. ರಾತ್ರಿ ಮುದ್ದೆಗೆ ಬಸ್ಸಾರು. ಹೊಲದಲ್ಲಿ ಇದ್ದದ್ದೇ ತಟ್ಟೆಯಲ್ಲೂ ಇರುತ್ತಿತ್ತು. ಬೆಲ್ಲದ ರುಚಿ ನೋಡಬೇಕಾದರೆ ಹಬ್ಬವೇ ಬರಬೇಕಿತ್ತು.

ಹಾಗಂತ ಅದೇನು ಚಿನ್ನದ ಕಾಲ ಅಲ್ಲ. 1972-73ರ ಬರದಲ್ಲಿ ನನಗೆ ಎರಡು ವರ್ಷ. ಅವ್ವನಿಗೆ ಮೈಯಲ್ಲಿ ಹಾಲಿರಲಿಲ್ಲವಂತೆ. ತೆಳ್ಳನೆ ಅಂಬಲಿ ಕುಡಿಸಿ ಸಾಕಿದೆ ಅಂತ ಕೊನೆವರೆಗೂ ಹೇಳುತ್ತಿದ್ದಳು. ಎಲ್ಲರೂ ಉಂಡ ಮೇಲೆ ಪಾತ್ರೆ ಬಳಿದು ತಿನ್ನುವವಳು ಅವಳು. ಬಸುರಿಯಾಗಿದ್ದಾಗಲೂ ಅಷ್ಟೇ. ಈಗಿನ ಮಕ್ಕಳು ಕೆಟ್ಟರು, ನಮ್ಮ ಕಾಲ ಚೆನ್ನಾಗಿತ್ತು ಅನ್ನುವವರು ಈ ಪಾತ್ರೆ ಬಳಿಯೋದನ್ನ ಮರೆತಿರುತ್ತಾರೆ.

ಒಣಗಿದ ಮೇಲೆ ನೀರು

ನಮ್ಮ ಪಕ್ಕದ ತೋಟದವರು ದಾಳಿಂಬೆ ಹಾಕಿದ್ದಾರೆ. ಕಾಯಿ ಕಟ್ಟುವಾಗ ಗಿಡವನ್ನು ಒಣಗಿಸಿ, ಆಮೇಲೆ ಒಮ್ಮೆಲೇ ನೀರು ಬಿಟ್ಟರೆ ಕಾಯಿ ಬಿರಿಯುತ್ತದೆ. ಒಣಗಿದಾಗ ಸಿಪ್ಪೆ ಗಟ್ಟಿಯಾಗಿರುತ್ತೆ, ಒಳಗೆ ನೀರು ನುಗ್ಗಿದರೆ ತಾಳೋದಿಲ್ಲ. ನಮ್ಮ ಮೈಗೂ ಹೀಗೇ ಆಗಿದೆ ಅಂತ ನನಗೆ ಅನ್ನಿಸಿತು. ಇದು ನನ್ನ ಊಹೆ ಮಾತ್ರ ಅಲ್ಲ.

ಪುಣೆಯ ಡಾ. ಯಾಜ್ಞಿಕ್ ಅನ್ನುವವರು 1993ರಿಂದ ಅಲ್ಲಿನ ಆರು ಹಳ್ಳಿಗಳ ಬಸುರಿಯರನ್ನೂ ಅವರಿಗೆ ಹುಟ್ಟಿದ ಮಕ್ಕಳನ್ನೂ ನೋಡುತ್ತಾ ಬಂದರು. ಆ ಕೂಸುಗಳ ತೂಕ ಸರಾಸರಿ 2.7 ಕೆ.ಜಿ. ಇಂಗ್ಲೆಂಡಿನ ಕೂಸುಗಳದ್ದು 3.5 ಕೆ.ಜಿ. ನಮ್ಮ ಕೂಸುಗಳಿಗೆ ಮಾಂಸಖಂಡ ಕಡಿಮೆ, ಆದರೆ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟು ಕಡಿಮೆ ಇರಲಿಲ್ಲ. ನೋಡೋಕೆ ಸಣಕಲು, ಒಳಗೆ ಕೊಬ್ಬು. ತಿಂದ ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಂಡು ಉರಿಸುವುದು ಮಾಂಸಖಂಡ. ಅದೇ ಕಡಿಮೆ ಇದ್ದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. "ಹೊಟ್ಟೆ ಬಂದಿಲ್ಲ, ನನಗೆ ಹೇಗೆ ಶುಗರ್ರು" ಅಂತ ನಾನು ಕೇಳಿದ್ದಕ್ಕೆ ಉತ್ತರ ಇಲ್ಲಿತ್ತು.

ದೆಹಲಿಯಲ್ಲಿ 1969ರಿಂದ 72ರ ನಡುವೆ ಹುಟ್ಟಿದ ಸುಮಾರು 1,500 ಜನರನ್ನು ಅವರ ಮೂವತ್ತರ ಆಸುಪಾಸಿನಲ್ಲಿ ಪರೀಕ್ಷೆ ಮಾಡಿ 2004ರಲ್ಲಿ ವರದಿ ಪ್ರಕಟಿಸಿದರು. ನನ್ನ ಓರಗೆಯವರೇ. ಸಕ್ಕರೆ ಕಾಯಿಲೆ ಬಂದವರು, ಬರುವ ಅಂಚಿನಲ್ಲಿದ್ದವರು ಎರಡು ವರ್ಷದೊಳಗೆ ತೆಳ್ಳಗಿದ್ದ ಕೂಸುಗಳು. ಆದರೆ ಎರಡರಿಂದ ಹನ್ನೆರಡು ವರ್ಷದ ಒಳಗೆ ಮಿಕ್ಕ ಮಕ್ಕಳಿಗಿಂತ ಬೇಗ ಬೇಗ ಮೈ ತುಂಬಿಕೊಂಡವರು. ಆಗ ನೋಡಿದವರು ಅವರನ್ನು ದಪ್ಪ ಅನ್ನುತ್ತಿರಲಿಲ್ಲ, "ಮಗು ಸುಧಾರಿಸಿಕೊಂಡಿತು" ಅನ್ನುತ್ತಿದ್ದರು.

ಇನ್ನೊಂದು ಇಂಗ್ಲೆಂಡಿನ ಸಂಗತಿ. ಮಹಾಯುದ್ಧದ ಕಾಲದಲ್ಲಿ ಅಲ್ಲಿ ಸಕ್ಕರೆಗೆ ರೇಷನ್ ಇತ್ತು. 1953ರ ಸೆಪ್ಟೆಂಬರಿನಲ್ಲಿ ಅದನ್ನು ತೆಗೆದರು, ಜನ ತಿನ್ನುವ ಸಕ್ಕರೆ ಹೆಚ್ಚುಕಡಿಮೆ ಎರಡರಷ್ಟಾಯಿತು. ಆ ರೇಷನ್ನಿನ ಹಿಂದೆಮುಂದೆ ಹುಟ್ಟಿದವರನ್ನು ಹೋಲಿಸಿ 2024ರಲ್ಲಿ ಒಂದು ಅಧ್ಯಯನ ಬಂತು. ಗರ್ಭದಲ್ಲಿದ್ದಾಗ ಮತ್ತು ಮೊದಲ ಎರಡು ವರ್ಷ ಸಕ್ಕರೆ ಕಡಿಮೆ ಸಿಕ್ಕಿದವರಿಗೆ ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆ ಶೇಕಡಾ 35ರಷ್ಟು ಕಡಿಮೆ, ಬಿ.ಪಿ. ಶೇಕಡಾ 20ರಷ್ಟು ಕಡಿಮೆ. ಕಾಯಿಲೆ ಬಂದವರಿಗೂ ಸುಮಾರು ನಾಲ್ಕು ವರ್ಷ ತಡವಾಗಿ ಬಂತು. ಐವತ್ತು ಅರವತ್ತು ವರ್ಷ ಆದ ಮೇಲೂ ಆ ಎರಡು ಮೂರು ವರ್ಷದ ಊಟ ಮೈಯಲ್ಲಿ ಲೆಕ್ಕ ಇಟ್ಟುಕೊಂಡಿತ್ತು!

ನನ್ನ ಲೆಕ್ಕ ಈಗ ಸರಿಹೋಯ್ತು. ಬಡಕಲು ಕೂಸು. ಬೆಳೆಯುತ್ತಾ ಮುದ್ದೆ, ಸೊಪ್ಪು, ಕಾಳು. ಇಪ್ಪತ್ತೈದು ದಾಟಿದ ಮೇಲೆ ರಾಗಿ ಬಿಟ್ಟು ಎಲ್ಲಾ ಎಕರೆಗೂ ಕಡ್ಲೆಕಾಯಿ ಹಾಕಿದೆ. ಕೈಗೆ ದುಡ್ಡು ಬಂತು, ಮನೆಗೆ ಅಕ್ಕಿ ಬಂತು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಅರ್ಧ ಮುದ್ದೆ ಮೇಲೆ ಮತ್ತೆ ಅನ್ನ. ದಿನಕ್ಕೆ ಐದು ಲೋಟ ಟೀ, ಲೋಟಕ್ಕೆ ಎರಡು ಚಮಚ ಸಕ್ಕರೆ. ಉಳುಮೆಗೆ ಟ್ರ್ಯಾಕ್ಟರು, ಓಡಾಟಕ್ಕೆ ಬೈಕು. ಬರಗಾಲಕ್ಕೆ ಅಂತ ಕಟ್ಟಿದ ಮೈಗೆ ಒಮ್ಮೆಲೇ ನೀರು ಬಿಟ್ಟಂತಾಯ್ತು. ಮುದ್ದೆ ತಿಂದರೆ ಶುಗರ್ ಬರೋದಿಲ್ಲ ಅನ್ನೋದು ಸುಳ್ಳು, ಅದಕ್ಕೆ ನಾನೇ ಸಾಕ್ಷಿ. ಹಸಿದವರಿಗೆ ರೇಷನ್ ಅಕ್ಕಿ ಕೊಟ್ಟದ್ದು ತಪ್ಪು ಅಂತಲೂ ಹೇಳಲಾರೆ. ಅಕ್ಕಿ ಬಂದದ್ದರಿಂದ ಕೆಡಲಿಲ್ಲ, ಅಕ್ಕಿಯ ಜೊತೆ ಇರಬೇಕಾದ ಕಾಳು ಸೊಪ್ಪು ಹೊಲದಿಂದಲೇ ಹೋದದ್ದರಿಂದ ಕೆಟ್ಟಿತು.

ತಂದವನು ನಾನೇ

ಮೊಮ್ಮಗನಿಗೆ ಈಗ ಐದು ವರ್ಷ. ಹುಟ್ಟಿದಾಗ ಎರಡೂವರೆ ಕೆ.ಜಿ. ಇದ್ದ. ಮುದ್ದೆ ಕಂಡರೆ ಬಾಯಿ ಮುಚ್ಚುತ್ತಾನೆ. ಸೊಪ್ಪನ್ನು ಆರಿಸಿ ತಟ್ಟೆ ಅಂಚಿಗೆ ಇಡುತ್ತಾನೆ. ಹತ್ತು ರೂಪಾಯಿ ಪೊಟ್ಟಣದ ಕುರುಕಲು, ಬಿಸ್ಕತ್ತು, ಬಣ್ಣದ ಜ್ಯೂಸು ಆದರೆ ಸರಿ. ಒಂದು ದಿನ ಸೊಸೆಗೆ ಸ್ವಲ್ಪ ಗಟ್ಟಿಯಾಗೇ ಹೇಳಿದೆ, "ಮಗುಗೆ ಇದೇನಮ್ಮ ಅಭ್ಯಾಸ ಮಾಡಿದೀಯ?" ಅಂತ. ಅವಳು ಒಲೆ ಮುಂದಿನಿಂದಲೇ, "ಮಾವ, ದಿನಾ ಸಂಜೆ ಪೇಟೆಯಿಂದ ಬರುವಾಗ ಜೇಬಲ್ಲಿ ಪೊಟ್ಟಣ ತರೋರು ಯಾರು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ತಾತ ಬಂದ ಅಂದರೆ ಮಗು ಓಡಿ ಬಂದು ಜೇಬಿಗೇ ಕೈ ಹಾಕುತ್ತಿತ್ತು. ನಾನು ಅದನ್ನು ಪ್ರೀತಿ ಅಂದುಕೊಂಡಿದ್ದೆ.

ಕಡ್ಲೆಕಾಯಿ ಬೆಳೆಯುವವನು ನಾನು. ಮೂಟೆಗಟ್ಟಲೆ ಕಾಯಿ ಮಂಡಿಗೆ ಹಾಕಿ, ಆ ದುಡ್ಡಿನಲ್ಲಿ ಎಣ್ಣೆಯಲ್ಲಿ ಕರಿದ ಹಿಟ್ಟಿನ ಪೊಟ್ಟಣ ಕೊಂಡು ತರುತ್ತೇನೆ. ಇದಕ್ಕಿಂತ ದಡ್ಡತನ ಬೇರೆ ಇದೆಯೇ? ಹಾಲು ಡೈರಿಗೆ, ಮೊಟ್ಟೆ ಸಂತೆಗೆ, ರಾಗಿ ಖರೀದಿ ಕೇಂದ್ರಕ್ಕೆ. ಮನೆಯ ಮಗುವಿಗೆ ಅಂಗಡಿಯ ಸರಕು. 2023ರಲ್ಲಿ ಸಿರಿಧಾನ್ಯ ವರ್ಷ ಆಚರಿಸಿದರು, ಪೇಟೆಯವರು ನವಣೆ, ಸಾಮೆ ಕೊಂಡು ತಿಂದರು. ಬೆಳೆದ ನಾವು ಮಾರಿ ಅಕ್ಕಿ ತಂದೆವು. ಅದೇ ವರ್ಷ ಐ.ಸಿ.ಎಂ.ಆರ್. ಅಧ್ಯಯನದ ಲೆಕ್ಕ ಬಂತು: ದೇಶದಲ್ಲಿ 10 ಕೋಟಿಗೂ ಮೇಲೆ ಸಕ್ಕರೆ ಕಾಯಿಲೆಯವರು, ಅಂಚಿನಲ್ಲಿರುವವರು ಇನ್ನೂ 13 ಕೋಟಿಗೆ ಮೇಲೆ. ಇದು ಪೇಟೆಯವರ, ಕೂತು ತಿನ್ನುವವರ ಕಾಯಿಲೆ ಅನ್ನುವ ಮಾತನ್ನು ಇನ್ನು ಬಿಡೋಣ.

ಬಿತ್ತನೆ ಕಾಲ ಮೀರಬಾರದು

ನಾಲಿಗೆಗೂ ಬಿತ್ತನೆ ಕಾಲ ಇದೆ. ಬಸುರಿ, ಬಾಣಂತಿ ತಿಂದದ್ದರ ರುಚಿ ಗರ್ಭದ ನೀರಿಗೂ ಎದೆಹಾಲಿಗೂ ಇಳಿಯುತ್ತದಂತೆ. ತಾಯಿ ಸೊಪ್ಪು ಕಾಳು ತಿಂದರೆ ಮಗುವಿಗೆ ಅದು ಹೊಸದಾಗಿ ಕಾಣೋದಿಲ್ಲ. ಆದ್ದರಿಂದ ಮೊದಲ ಕೆಲಸ, ಮನೆಯ ಬಸುರಿಯನ್ನು ಕೊನೆಗೆ ಉಣ್ಣಲು ಬಿಡಬಾರದು. ಕಾಳು, ಹಾಲು, ಮೊಟ್ಟೆ ಮೊದಲು ಅವಳ ತಟ್ಟೆಗೆ.

ಎರಡನೇದು, ಆರು ತಿಂಗಳು ಎದೆಹಾಲು ಮಾತ್ರ. ಆಮೇಲೆ ಹಾಲಿನ ಜೊತೆಗೆ ಮೊಳಕೆ ಕಟ್ಟಿದ ರಾಗಿಯ ಸರಿ, ಬೇಳೆಕಟ್ಟು, ಹಿಸುಕಿದ ಸೊಪ್ಪು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮೇಲೆ ಸುಣ್ಣದಂಶ ಇದೆ, ಬಿಳಿ ಅಕ್ಕಿಯಲ್ಲಿ ಅದು ಲೆಕ್ಕಕ್ಕೇ ಇಲ್ಲ. ಎರಡು ವರ್ಷ ತುಂಬುವ ತನಕ ಸಕ್ಕರೆ, ಬೆಲ್ಲ ಹಾಕದಿದ್ದರೆ ಮಗು ಅಳೋದಿಲ್ಲ. ರುಚಿ ಗೊತ್ತಿದ್ದರೆ ತಾನೆ ಅಳೋದು!

ಮೂರನೇದು, ಒಂದು ಸಲ ಉಗಿದರೆ ಬಿಟ್ಟುಬಿಡಬಾರದು. ಹೊಸ ತಿನಿಸನ್ನು ಮಗು ಒಪ್ಪಬೇಕಾದರೆ ಎಂಟು ಹತ್ತು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಎದುರಿಗಿಡಬೇಕು ಅಂತ ಬಲ್ಲವರು ಹೇಳುತ್ತಾರೆ. ಬೈದು ತುರುಕಬಾರದು, ದೊಡ್ಡವರು ಎದುರಿಗೆ ಕೂತು ಅದನ್ನೇ ತಿನ್ನಬೇಕು.

ನಾಲ್ಕನೇದು ಊರಿನ ಕೆಲಸ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದು ಅಂತ 2020ರಲ್ಲೇ ನಿಯಮ ಆಗಿದೆ. ನಮ್ಮಲ್ಲಿ ಗೇಟಿನಿಂದ ಅಂಗಡಿಗೆ ಹದಿನೈದು ಹೆಜ್ಜೆ. ಅಂಗಡಿಯವನೂ ಬದುಕಬೇಕು ನಿಜ, ಹುರಿದ ಕಡ್ಲೆಕಾಯಿ, ಬಾಳೆಹಣ್ಣು ಮಾರಲಿ. ಎಸ್.ಡಿ.ಎಂ.ಸಿ. ಸಭೆಯಲ್ಲಿ ಒಬ್ಬರು ಬಾಯಿಬಿಟ್ಟು ಕೇಳಬೇಕಷ್ಟೆ.

ಕಳೆದ ಮುಂಗಾರಿಗೆ ಒಂದೂವರೆ ಎಕರೆ ಮನೆಗೆ ಅಂತಲೇ ಇಟ್ಟು ರಾಗಿ ಹಾಕಿದೆ, ಆರು ಸಾಲಿಗೊಂದು ಅಕ್ಕಡಿ ಬಿಟ್ಟೆ. ಕಡ್ಲೆಕಾಯಿಯ ದುಡ್ಡು ಅಷ್ಟು ಕಡಿಮೆ ಆಯ್ತು, ಸುಳ್ಳು ಹೇಳೋದಿಲ್ಲ. ಪ್ರತಿ ತಿಂಗಳು ನನ್ನ ಮಾತ್ರೆಗೆ, ಪರೀಕ್ಷೆಗೆ ಹೋಗುವ ದುಡ್ಡನ್ನು ಅದರ ಪಕ್ಕ ಇಟ್ಟು ನೋಡಿ ಸಮಾಧಾನ ಮಾಡಿಕೊಂಡೆ. ಈಗ ಜೇಬಿನಲ್ಲಿ ಹುರಿದ ಕಡ್ಲೆಕಾಯಿ ತರುತ್ತೇನೆ. ಮೊದಲ ವಾರ ಮೊಮ್ಮಗ ಮುಖ ತಿರುಗಿಸಿದ. ಈಗ ಸಿಪ್ಪೆ ಸುಲಿಯೋದೇ ಅವನಿಗೆ ಆಟ. ಅಲಸಂದೆ ಪಲ್ಯ ತಿನ್ನುತ್ತಾನೆ, ರಾಗಿ ರೊಟ್ಟಿ ಅರ್ಧ ತಿನ್ನುತ್ತಾನೆ. ಮುದ್ದೆ ಇನ್ನೂ ಮುಟ್ಟಿಲ್ಲ. ದಿನಾ ತಟ್ಟೆಯಲ್ಲಿ ನಿಂಬೆಗಾತ್ರದ ಒಂದು ತುತ್ತು ಇಡುತ್ತಿದ್ದೇವೆ.