ಮೂರು ವಾರದ ನಾಟಕ ಮಾಸ್ತರರು

ಪರದೇಶದ ಬಡ ಮಕ್ಕಳಿಗೆ ನಾಟಕ ಕಲಿಸಿ ಬರುವದು ಈಗ ನಮ್ಮ ತರುಣರಿಗೆ ಹೊಸದೊಂದು ಪುಣ್ಯಕಾರ್ಯವಾಗಿದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಶಹಾಪುರ ತಾಲೂಕಿನ ಗೋಗಿಯವನು, ಮೂರು ವಾರ ಕೆನ್ಯಾಕ್ಕೆ ಹೊರಟಿದ್ದಾನೆ. ತನ್ನ ರಂಗಾನುಭವದ ಬಗ್ಗೆ ಎರಡು ಮಾತು ಬರೆದುಕೊಡಿರೆಂದು ಕೇಳಿದ. ಖರ್ಚು ಅವನದೇ, ಹುಡುಗ ಸಜ್ಜನ. ಆದರೂ ಒಲ್ಲೆನೆಂದೆ. ಕಾರಣವನ್ನು ವಾಚಕರ ಮುಂದಿಡುತ್ತೇನೆ.

ಅವನು ಹೊರಟ ನಾಡು ನಾಟಕವಿಲ್ಲದ ನಾಡೇನು? 1977ರಲ್ಲಿ ಅದೇ ಕೆನ್ಯಾದ ಕಮೀರೀಥು ಎಂಬ ಹಳ್ಳಿಯಲ್ಲಿ ರೈತರೂ ಕೂಲಿಕಾರರೂ ತಾವೇ ಬಯಲು ರಂಗಮಂದಿರ ಕಟ್ಟಿ, ತಮ್ಮ ಗಿಕುಯು ಭಾಷೆಯಲ್ಲಿ ನಾಟಕ ಆಡಿದರು. ಬರೆದ ಇಬ್ಬರಲ್ಲಿ ಒಬ್ಬರು ನೈರೋಬಿ ವಿಶ್ವವಿದ್ಯಾಲಯದ ಗೂಗಿ ವಾ ಥಿಯೋಂಗೊ. (ನಮ್ಮ ಗೋಗಿಗೂ ಈ ಹೆಸರಿಗೂ ನಂಟಿಲ್ಲ.) ಮುದುಕನಾದವನ ಬಾಯಲ್ಲಿ ಎಂಥ ಮಾತು ಬರಬೇಕೆಂದು ಆ ವಿದ್ವಾಂಸರನ್ನು ತಿದ್ದಿದವರು ಹಳ್ಳಿಗರು! ನಾಟಕ ಎಷ್ಟು ನಾಟಿತೆಂದರೆ, ಸರಕಾರ ಅದೇ ನವೆಂಬರದಲ್ಲಿ ಪ್ರಯೋಗ ನಿಲ್ಲಿಸಿ, ವರ್ಷದ ಕೊನೆಯ ದಿನ ಗೂಗಿಯವರನ್ನು ಸೆರೆಗೊಯ್ದಿತು. 1982ರಲ್ಲಿ ರಂಗಮಂದಿರವನ್ನೇ ನೆಲಸಮ ಮಾಡಿತು. ಇಂಥ ನಾಡಿನ ಮಕ್ಕಳಿಗೆ ಇಂಗ್ಲಿಷಿನಲ್ಲಿ ‘ಕೈ ಹೀಗೆತ್ತು, ಕಾಲು ಹಾಗಿಡು’ ಎನ್ನುವ ಅಧಿಕಾರ ನಮಗೆ ಎಲ್ಲಿಂದ ಬಂತು? ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಅಲ್ಲಿ ಕಲಿಯುವದಕ್ಕೇ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಕಲಿಸುವದಕ್ಕೆ ಮಾತ್ರ ಮೂರು ವಾರ ಸಾಕಂತೆ.

‘ಮೊದಲು ಮನೆ, ಆಮೇಲೆ ಮಠ’ ಎಂಬ ಹಳೆಯ ರಾಗ ನನ್ನದಲ್ಲ. ಅವನು ಗೋಗಿಗೇ ಮೂರು ವಾರ ಬಂದರೂ ನನ್ನ ತಕರಾರು ಇದೇ. ಆದಿಲಶಾಹಿಯ ಮೊದಲ ಸುಲ್ತಾನರ ಗೋರಿ ನೋಡಲು ಗೋಗಿಗೆ ಜನ ಬಂದರು; ನೆಲದಡಿಯ ಯುರೇನಿಯಂ ಹುಡುಕಲೂ ಬಂದರು. ಹುಡುಗರ ಮಾತು ಕೇಳಲು ಬಂದವರು ಯಾರು? ಮೊಹರಮ್ಮಿನಲ್ಲಿ ಅಲಾಯಿ ಕುಣಿಯುವ, ರಿವಾಯತ್ ಪದ ಹಾಡುವ ನಮ್ಮ ಕಡೆಯ ಹುಡುಗರಿಗೆ ಅಭಿನಯ ಬಾರದೆನ್ನುವದು ಶುದ್ಧ ಸುಳ್ಳು. ಅದೇ ಹುಡುಗ ಶಾಲೆಯ ರಂಗದ ಮೇಲೆ ‘ಹೋಗ್ಯಾನ’ ಎಂದೊಡನೆ ‘ಹೋಗಿದ್ದಾನೆ ಅನ್ನು’ ಎನ್ನುತ್ತೇವೆ. ಅವನ ಗಂಟಲು ಅಲ್ಲಿಗೇ ಕಟ್ಟಿತು. ಆಮೇಲೆ, ಪಾಪ, ಹಿಂದುಳಿದ ಮಕ್ಕಳು ಎಂದು ಶಿಬಿರ ಹೂಡುತ್ತೇವೆ.

ಮಳೆ ಕೈಕೊಟ್ಟ ವರ್ಷ ಯಾದಗಿರಿ ಜಿಲ್ಲೆಯಿಂದ ಎಷ್ಟೋ ಕುಟುಂಬಗಳು ಮನೆಗೆ ಬೀಗ ಜಡಿದು, ಮಕ್ಕಳನ್ನೂ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತವೆ. ಶಾಲೆ ಊರಲ್ಲೇ ಉಳಿಯುತ್ತದೆ. ನನ್ನ ವಿದ್ಯಾರ್ಥಿ ಬಾಡಿಗೆಗಿರುವ ಮಹಡಿ ಮನೆಯ ಬೆನ್ನಿಗೇ ಅಂಥವರ ತಗಡಿನ ಜೋಪಡಿಗಳಿವೆ; ಹಿಂದೊಮ್ಮೆ ತಾನೇ ಹೇಳಿದ್ದ. ಅಲ್ಲಿ ಅವನು ಹೊಸ ಭಾಷೆ ಕಲಿಯಬೇಕಾಗಿಲ್ಲ, ವಿಮಾನ ಹತ್ತಬೇಕಾಗಿಲ್ಲ. ರವಿವಾರಕ್ಕೊಮ್ಮೆ, ಒಂದು ವರ್ಷ ತಪ್ಪದೆ ಹೋಗಬೇಕು. ಮೊದಲ ಎರಡು ತಿಂಗಳು ಏನೂ ಕಲಿಸದೆ, ಆ ಮಕ್ಕಳು ಉಸುಕಿನ ರಾಶಿಯ ಮೇಲೆ ಗುತ್ತೇದಾರನ ಅಣಕ ಮಾಡುವದನ್ನು ಕೂತು ನೋಡಬೇಕು.