ನೌಕರಿಗೆ ಸೇರಿದ ತಾರೀಖು

ಅಪ್ಪನ ಅಥವಾ ಅಮ್ಮನ ಸಂಬಳ ಎಷ್ಟೆಂದು ಕೇಳಿದರೆ ಹೆಚ್ಚು ಕಡಿಮೆ ಸರಿಯಾಗಿ ಹೇಳುವ ಮಕ್ಕಳಿದ್ದಾರೆ. ಅವರು ಸರ್ಕಾರಿ ನೌಕರಿಗೆ ಸೇರಿದ್ದು ಯಾವ ತಾರೀಖಿಗೆ ಎಂದು ಕೇಳಿದರೆ ಮಾತ್ರ ಬಹಳಷ್ಟು ಮಂದಿ ತಲೆ ಕೆರೆದುಕೊಳ್ಳುತ್ತಾರೆ. ನಿವೃತ್ತಿಯ ನಂತರ ಆ ಮನೆಗೆ ತಿಂಗಳು ತಿಂಗಳು ಏನು ಬರುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ತಾರೀಖೇ.

ಕೇಂದ್ರ ಸರ್ಕಾರದಲ್ಲಿ ಈ ಗೆರೆ ಬಿದ್ದದ್ದು 2004ರ ಜನವರಿ 1ರಂದು. ಅಂದಿನಿಂದ ಸೇರಿದವರಿಗೆ, ಸೇನೆಯವರನ್ನು ಬಿಟ್ಟು, ಹಳೆಯ ಪಿಂಚಣಿ ಇಲ್ಲ; ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎಲ್ಲರ ಬಾಯಲ್ಲಿರುವ ಎನ್‌ಪಿಎಸ್, ಬಂತು. ಕರ್ನಾಟಕದಲ್ಲಿ ಗೆರೆ 2006ರ ಏಪ್ರಿಲ್ 1ಕ್ಕೆ ಬಿತ್ತು. ಒಂದೇ ಪ್ರೌಢಶಾಲೆಯ ಒಂದೇ ಕೊಠಡಿಯಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುವ ಇಬ್ಬರು ಶಿಕ್ಷಕರಿದ್ದಾರೆ ಎಂದುಕೊಳ್ಳಿ. ಒಬ್ಬರು ಆ ವರ್ಷದ ಮಾರ್ಚಿನಲ್ಲಿ ಸೇರಿದವರು, ಇನ್ನೊಬ್ಬರು ಜೂನಿನಲ್ಲಿ. ಪಾಠ ಅದೇ, ಸಂಬಳವೂ ಹತ್ತಿರ ಹತ್ತಿರ ಅಷ್ಟೇ. ಆದರೆ ನಿವೃತ್ತಿಯ ಮರುದಿನದಿಂದ ಇಬ್ಬರ ದಾರಿಯೂ ಬೇರೆ.

ಹಳೆಯ ವ್ಯವಸ್ಥೆಯಲ್ಲಿ ನೌಕರ ಪಿಂಚಣಿಗೆಂದು ಏನನ್ನೂ ಕಟ್ಟಬೇಕಿರಲಿಲ್ಲ. ಪೂರ್ಣ ಸೇವೆ ಆಗಿದ್ದರೆ ಕೊನೆಯ ಮೂಲವೇತನದ ಅರ್ಧದಷ್ಟು ಪಿಂಚಣಿ, ಅದರ ಮೇಲೆ ಕಾಲಕಾಲಕ್ಕೆ ಏರುವ ತುಟ್ಟಿಭತ್ಯೆ. ಎನ್‌ಪಿಎಸ್‌ನಲ್ಲಿ ಹಾಗಲ್ಲ. ನೌಕರನ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟು ಪ್ರತಿ ತಿಂಗಳೂ ಕಡಿತವಾಗುತ್ತದೆ, ಸರ್ಕಾರ ತನ್ನ ಪಾಲು ಸೇರಿಸುತ್ತದೆ. ಕೇಂದ್ರದಲ್ಲಿ ಈ ಪಾಲು ಮೊದಲು ಶೇ 10 ಇತ್ತು, 2019ರ ಏಪ್ರಿಲ್‌ನಿಂದ ಶೇ 14 ಆಯಿತು. ಈ ಹಣ ಷೇರು, ಸಾಲಪತ್ರಗಳಲ್ಲಿ ಬೆಳೆಯುತ್ತದೆ. ನಿವೃತ್ತಿಯ ದಿನ ಗರಿಷ್ಠ ಶೇ 60ರಷ್ಟನ್ನು ಕೈಗೆ ಪಡೆಯಬಹುದು. ಉಳಿದ ಶೇ 40ರಲ್ಲಿ ವಿಮಾ ಕಂಪನಿಯಿಂದ ವರ್ಷಾಶನ ಕೊಳ್ಳಬೇಕು.

ಲೆಕ್ಕದ ವಿದ್ಯಾರ್ಥಿಗಳು ಕಾಗದ ತೆಗೆದುಕೊಂಡು ನೋಡಬಹುದು. ಖಾತೆಯಲ್ಲಿ 50 ಲಕ್ಷ ರೂಪಾಯಿ ಕೂಡಿದೆ ಎನ್ನೋಣ. 30 ಲಕ್ಷ ಕೈಗೆ ಬಂತು. ಉಳಿದ 20 ಲಕ್ಷಕ್ಕೆ ವರ್ಷಕ್ಕೆ ಶೇ 6ರಂತೆ ವರ್ಷಾಶನ ಸಿಕ್ಕರೆ ತಿಂಗಳಿಗೆ 10 ಸಾವಿರ. ಸಾಮಾನ್ಯವಾಗಿ ಅದಕ್ಕೆ ತುಟ್ಟಿಭತ್ಯೆಯ ಬಾಲ ಇರುವುದಿಲ್ಲ. ಇಂದಿನ 10 ಸಾವಿರ ಇಪ್ಪತ್ತು ವರ್ಷಗಳ ನಂತರವೂ 10 ಸಾವಿರವೇ, ಅಕ್ಕಿಬೇಳೆಯ ಬೆಲೆ ಎಲ್ಲಿಗೆ ಹೋದರೂ ಸರಿಯೇ. ಕೈಗೆ ಬಂದ 30 ಲಕ್ಷವನ್ನು ಮಗಳ ಮದುವೆಗೋ ಮನೆಯ ಮೇಲಂತಸ್ತಿಗೋ ಸುರಿದುಬಿಟ್ಟರೆ ಮುಂದೆ ಕಷ್ಟ ಎನ್ನುವುದು ಈ ಲೆಕ್ಕದಲ್ಲೇ ಕಾಣುತ್ತದೆ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಕೆಲಸ ಬಿಟ್ಟು ಮುಷ್ಕರಕ್ಕೆ ಇಳಿದಾಗ ವೇತನ ಪರಿಷ್ಕರಣೆಯ ಜೊತೆಗೆ ಹಳೆಯ ಪಿಂಚಣಿಯ ಬೇಡಿಕೆಯೂ ಇದ್ದದ್ದು ಸುಮ್ಮನೆ ಅಲ್ಲ.

ಇವೆರಡರ ನಡುವೆ ಈಗ ಮೂರನೆಯದೊಂದು ಬಂದಿದೆ. ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಒಪ್ಪಿ, 2025ರ ಏಪ್ರಿಲ್ 1ರಿಂದ ತನ್ನ ನೌಕರರಿಗೆ ಜಾರಿಗೊಳಿಸಿದ ಏಕೀಕೃತ ಪಿಂಚಣಿ ಯೋಜನೆ, ಯುಪಿಎಸ್. ಇದರಲ್ಲಿಯೂ ನೌಕರ ಶೇ 10 ಕಟ್ಟಬೇಕು. ಆದರೆ 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಖಚಿತ, ಅದಕ್ಕೆ ತುಟ್ಟಿ ಪರಿಹಾರವೂ ಉಂಟು. ಸರಾಸರಿ 60 ಸಾವಿರ ಇದ್ದರೆ 30 ಸಾವಿರ. ಸೇವೆ 20 ವರ್ಷ ಮಾತ್ರ ಆಗಿದ್ದರೆ ಅದೇ ಪ್ರಮಾಣದಲ್ಲಿ ಇಳಿದು 24 ಸಾವಿರ. ಕನಿಷ್ಠ 10 ವರ್ಷ ದುಡಿದವರಿಗೆ 10 ಸಾವಿರಕ್ಕೆ ಕಡಿಮೆ ಇಲ್ಲ. ಮೊದಲೇ ನೌಕರಿಯಲ್ಲಿದ್ದವರು ಯಾವುದು ಬೇಕೆಂದು ಬರೆದುಕೊಡಲು 2025ರ ಜೂನ್ 30 ಕೊನೆಯ ದಿನವಾಗಿತ್ತು. ಅದು ಸೆಪ್ಟೆಂಬರ್ 30ಕ್ಕೆ, ಮತ್ತೆ ನವೆಂಬರ್ 30ಕ್ಕೆ ಮುಂದೆ ಹೋಯಿತು. ಗಡುವು ಹೇಗೂ ಮುಂದೆ ಹೋಗುತ್ತದೆ ಎಂದು ಕೂರುವ ಅಭ್ಯಾಸಕ್ಕೆ ಇಂಥ ವಿಸ್ತರಣೆಗಳೇ ಗೊಬ್ಬರ. ಹೊಸದಾಗಿ ಸೇರುವವರಿಗಂತೂ ಆಯ್ಕೆಗೆ ಸಿಗುವುದು 30 ದಿನ. ನೇಮಕದ ಸಂಭ್ರಮ ಇಳಿಯುವಷ್ಟರಲ್ಲಿ ಆ ದಿನಗಳು ಮುಗಿದಿರುತ್ತವೆ.

ತಾರೀಖಿನ ಗೆರೆಯನ್ನು ಪ್ರಶ್ನಿಸಲು ಆಗುವುದೇ ಇಲ್ಲವೆ? ಆಗುತ್ತದೆ. 1979ರಲ್ಲಿ ಕೇಂದ್ರ ಸರ್ಕಾರ ಪಿಂಚಣಿ ಲೆಕ್ಕದ ಸೂತ್ರವನ್ನು ಉದಾರಗೊಳಿಸಿತು, ಆದರೆ ಆ ವರ್ಷದ ಮಾರ್ಚ್ 31ರಂದು ಮತ್ತು ಅನಂತರ ನಿವೃತ್ತರಾಗುವವರಿಗೆ ಮಾತ್ರ. ಅದಕ್ಕೆ ಮೊದಲೇ ನಿವೃತ್ತರಾಗಿದ್ದ ಡಿ.ಎಸ್. ನಕಾರಾ ಮತ್ತಿತರರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 1982ರ ಡಿಸೆಂಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ, ಪಿಂಚಣಿದಾರರನ್ನು ಹೀಗೆ ಒಂದು ತಾರೀಖಿನಿಂದ ಎರಡು ಭಾಗ ಮಾಡುವುದು ಸಮಾನತೆಗೆ ವಿರುದ್ಧ ಎಂದಿತು. ಪಿಂಚಣಿ ಸರ್ಕಾರದ ಕೃಪೆಯಲ್ಲ, ದುಡಿದವನ ಹಕ್ಕು ಎಂದೂ ಹೇಳಿತು. ಡಿಸೆಂಬರ್ 17ನ್ನು ಪಿಂಚಣಿದಾರರು ತಮ್ಮ ದಿನವೆಂದು ಆಚರಿಸುವುದು ಇದರಿಂದಲೇ. ಹಾಗೆಂದು ಎಲ್ಲ ಗೆರೆಗಳೂ ಅಳಿಸಿ ಹೋಗಿಲ್ಲ. 2004ರ ಗೆರೆ ಇನ್ನೂ ಇದೆ.

ಆದರೆ ಆ ಗೆರೆಯೂ ಒಂದು ಕಡೆ ಸರಿಯಿತು. ಕೆಲವರ ಹುದ್ದೆಗೆ ಜಾಹೀರಾತು ಬಂದದ್ದು ಹಳೆಯ ಪಿಂಚಣಿ ಇದ್ದ ಕಾಲದಲ್ಲಿ; ಪರೀಕ್ಷೆ, ಪಟ್ಟಿ, ತಕರಾರು ಎಂದು ಎಳೆದು ನೇಮಕದ ಆದೇಶ ಕೈಗೆ ಸಿಕ್ಕಿದ್ದು ಗೆರೆ ದಾಟಿದ ಮೇಲೆ. ತಡ ಮಾಡಿದ್ದು ಇಲಾಖೆ, ಕಳೆದುಕೊಂಡದ್ದು ನೌಕರ. 2023ರ ಮಾರ್ಚ್ 3ರಂದು ಕೇಂದ್ರ ಸರ್ಕಾರ ಇಂಥವರಿಗೆ ದಾರಿ ತೆರೆಯಿತು. ಜಾಹೀರಾತು 2003ರ ಡಿಸೆಂಬರ್ 22ಕ್ಕೆ ಮೊದಲು ಬಂದಿದ್ದರೆ ಹಳೆಯ ಪಿಂಚಣಿ ಕೇಳಬಹುದು, ಆ ವರ್ಷದ ಆಗಸ್ಟ್ 31ರ ಒಳಗೆ ಬರೆದುಕೊಡಬೇಕು ಎಂದಿತು. ಕರ್ನಾಟಕದಲ್ಲಿಯೂ 2024ರ ಜನವರಿಯಲ್ಲಿ ಇಂಥದೇ ಆದೇಶ ಹೊರಟಿತು. 2006ರ ಏಪ್ರಿಲ್ 1ಕ್ಕೆ ಮೊದಲು ಅಧಿಸೂಚನೆಯಾಗಿ ನಂತರ ಸೇವೆಗೆ ಸೇರಿದವರಿಗೆ ಅದು ಅನ್ವಯ. ಸುಮಾರು 13 ಸಾವಿರ ನೌಕರರಿಗೆ ಇದರಿಂದ ಅನುಕೂಲ ಎಂದು ಆಗ ಸರ್ಕಾರ ಹೇಳಿತು.

ಈ ಆದೇಶಗಳ ಪ್ರಯೋಜನ ಪಡೆಯಲು ಏನು ಬೇಕಿತ್ತು? ಇಪ್ಪತ್ತು ವರ್ಷ ಹಿಂದಿನ ಅಧಿಸೂಚನೆಯ ದಿನಾಂಕ, ನೇಮಕಾತಿ ಆದೇಶ, ಕೆಲಸಕ್ಕೆ ಹಾಜರಾದ ವರದಿ. ಅಂದರೆ ಬೀರುವಿನ ತಳದಲ್ಲಿ ಹಳೆಯ ಮದುವೆ ಕರೆಯೋಲೆಗಳ ಕೆಳಗೆ ಹಳದಿಯಾಗುತ್ತಿರುವ ಕಾಗದಗಳು. ಸೇವಾ ಪುಸ್ತಕ ಕಚೇರಿಯಲ್ಲಿರುತ್ತದೆ, ನಿಜ. ಆದರೆ ಅದರಲ್ಲಿ ಬರೆದದ್ದು ಸರಿಯಿದೆಯೇ ಎಂದು ನೌಕರ ಆಗಾಗ ನೋಡಿ ಸಹಿ ಹಾಕಬೇಕು. ಹೆಸರಿನ ಇನಿಷಿಯಲ್ ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು. ಹೆಂಡತಿಯ ಹೆಸರು ಆಧಾರ್‌ನಲ್ಲಿ ಒಂದು, ಸೇವಾ ಪುಸ್ತಕದಲ್ಲಿ ತವರಿನ ಇನ್ನೊಂದು. ನಮ್ಮ ಕಡೆ ಇದು ಮನೆಮನೆಯ ಕಥೆ. ಇವನ್ನು ನೌಕರಿಯಲ್ಲಿದ್ದಾಗ ತಿದ್ದಿಸುವುದು ಒಂದು ಅರ್ಜಿಯ ಕೆಲಸ. ನೌಕರ ತೀರಿಕೊಂಡ ಮೇಲೆ ಅದೇ ಕೆಲಸಕ್ಕೆ ಪ್ರಮಾಣಪತ್ರ ಹಿಡಿದು ಹೆಂಡತಿ ಮಕ್ಕಳು ಕಚೇರಿ ಕಚೇರಿ ಅಲೆಯಬೇಕು.

ಮಕ್ಕಳಿಗೆ ನೇರವಾಗಿ ಸಂಬಂಧಿಸಿದ್ದು ಕುಟುಂಬ ಪಿಂಚಣಿ. ಕೇಂದ್ರದ ನಿಯಮದಂತೆ ಅದು ಮೊದಲು ಪತಿ ಅಥವಾ ಪತ್ನಿಗೆ, ಅವರಿಲ್ಲದಿದ್ದರೆ ಮಕ್ಕಳಿಗೆ 25 ವರ್ಷದ ತನಕ, ಮದುವೆ ಅಥವಾ ಸ್ವಂತ ದುಡಿಮೆ ಅದಕ್ಕೆ ಮೊದಲೇ ಆಗದಿದ್ದರೆ. ದುಡಿದು ಬದುಕಲು ಆಗದಂಥ ಅಂಗವೈಕಲ್ಯವಿರುವ ಮಗುವಿಗೆ ಜೀವನಪೂರ್ತಿ. ಅಂಥ ಮಗುವಿನ ಹೆಸರು ಕುಟುಂಬದ ವಿವರದಲ್ಲಿ ಇದೆಯೇ ಎಂದು ತಂದೆತಾಯಿ ಬದುಕಿರುವಾಗಲೇ ನೋಡಿಕೊಳ್ಳುವುದು ಎಲ್ಲಕ್ಕಿಂತ ತುರ್ತು. ಎನ್‌ಪಿಎಸ್‌ನಲ್ಲಿರುವ ಕೇಂದ್ರದ ನೌಕರ ಸೇವೆಯಲ್ಲಿದ್ದಾಗಲೇ ಮೃತನಾದರೆ ಕುಟುಂಬಕ್ಕೆ ಹಳೆಯ ನಿಯಮದ ಪಿಂಚಣಿ ಬೇಕೋ, ಖಾತೆಯ ಹಣ ಬೇಕೋ ಎಂದು ಮೊದಲೇ ಬರೆದಿಡುವ ಅವಕಾಶ 2021ರ ನಿಯಮಗಳಲ್ಲಿದೆ. ಸಾವಿನ ಮಾತು ಅಪಶಕುನವೆಂದು ಈ ನಮೂನೆಯನ್ನು ಖಾಲಿ ಬಿಟ್ಟವರು ಉಂಟು. ರಾಜ್ಯದ ನೌಕರರಿಗೆ 2002ರ ಕುಟುಂಬ ಪಿಂಚಣಿ ನಿಯಮಗಳು ಬೇರೆಯೇ ಇವೆ. ಕೇಂದ್ರದ್ದನ್ನು ಓದಿ ಅದೇ ನಮಗೂ ಎಂದುಕೊಳ್ಳಬಾರದು.

ಈ ಬೆರಕೆಯಿಂದಲೇ ಅಂತೆಕಂತೆಗಳು ಹುಟ್ಟುವುದು. ನಿವೃತ್ತರಿಗೆ ಇನ್ನು ತುಟ್ಟಿಭತ್ಯೆ ಏರುವುದಿಲ್ಲವಂತೆ ಎಂಬ ಸಂದೇಶ 2025ರಲ್ಲಿ ಮೊಬೈಲಿಂದ ಮೊಬೈಲಿಗೆ ಹಾರಿತು. ಸರ್ಕಾರ ಅದನ್ನು ಸುಳ್ಳೆಂದಿತು. ನಿಜಕ್ಕೂ ಬದಲಾದದ್ದು ಸಾರ್ವಜನಿಕ ಉದ್ದಿಮೆಗೆ ವಿಲೀನವಾಗಿ, ಅಲ್ಲಿ ದುರ್ನಡತೆಗಾಗಿ ವಜಾಗೊಂಡವರ ಸೌಲಭ್ಯದ ಕುರಿತ ಒಂದು ನಿಯಮ ಮಾತ್ರ. ಸಂದೇಶದಲ್ಲಿ ಆದೇಶದ ಸಂಖ್ಯೆ, ದಿನಾಂಕ, ಹೊರಡಿಸಿದ ಇಲಾಖೆ ಇವೆಯೇ ಎಂದು ನೋಡಬೇಕು. ಇದ್ದರೆ ಆ ಆದೇಶವನ್ನೇ ತೆಗೆದು, ಯಾರಿಗೆ ಅನ್ವಯ ಎಂಬ ಸಾಲನ್ನು ಓದಬೇಕು. ರಾಜ್ಯದ್ದಾದರೆ ಆರ್ಥಿಕ ಇಲಾಖೆ, ಕೇಂದ್ರದ್ದಾದರೆ ಪಿಂಚಣಿ ಮತ್ತು ಪಿಂಚಣಿದಾರರ ಕಲ್ಯಾಣ ಇಲಾಖೆ. ಇಂಗ್ಲಿಷ್ ಆದೇಶದ ಉದ್ದ ವಾಕ್ಯ ಬಿಡಿಸಿ ಹೇಳುವ ಕೆಲಸವನ್ನು ಪದವಿ ಓದುವ ಮಗಳು ಅಪ್ಪನಿಗಾಗಿ ಮಾಡಬಲ್ಲಳು.

ನೌಕರಿಗೆ ಅರ್ಜಿ ಹಾಕುವ ವಿದ್ಯಾರ್ಥಿಗಳೂ ಅಧಿಸೂಚನೆಯಲ್ಲಿ ವೇತನಶ್ರೇಣಿ ಓದಿ ನಿಲ್ಲದೆ ಪಿಂಚಣಿಯ ಸಾಲಿನವರೆಗೆ ಹೋಗಬೇಕು. 2022ರಲ್ಲಿ ಬಂದ ಅಗ್ನಿವೀರ ಸೇವೆ ನಾಲ್ಕು ವರ್ಷದ್ದು, ಕೊನೆಗೆ ಸೇವಾನಿಧಿ ಇದೆ, ಪಿಂಚಣಿ ಇಲ್ಲ. ಸೈನ್ಯಕ್ಕೆ ಸೇರಿದವರಿಗೆಲ್ಲ ಪಿಂಚಣಿ ಎಂದು ಅಜ್ಜ ಹೇಳುವುದು ಅವರ ಕಾಲಕ್ಕೆ ಸರಿ.

ಅಜ್ಜ ಅಜ್ಜಿಗೆ ಪಿಂಚಣಿ ಬರುತ್ತಿದ್ದರೆ ವರ್ಷಕ್ಕೊಮ್ಮೆ ಮೊಮ್ಮಕ್ಕಳಿಗೊಂದು ಕೆಲಸವಿದೆ. ಜೀವಂತ ಪ್ರಮಾಣಪತ್ರವನ್ನು ಕೇಂದ್ರದ ಪಿಂಚಣಿದಾರರು ನವೆಂಬರ್‌ನಲ್ಲಿ ಕೊಡಬೇಕು. 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. 2014ರಲ್ಲಿ ಬಂದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಬೆರಳಚ್ಚಿನಿಂದ, 2021ರಿಂದ ಮೊಬೈಲ್ ಕ್ಯಾಮೆರಾಕ್ಕೆ ಮುಖ ತೋರಿಸಿಯೂ ಇದು ಆಗುತ್ತದೆ. ಬೆರಳಿನ ಗೆರೆ ಸವೆದ ಅಜ್ಜಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಕಣ್ಣು ಮಿಟುಕಿಸಲು ಹೇಳಿದರೆ ಸಾಕು. ಪಿಂಚಣಿ ಆದೇಶದ ಸಂಖ್ಯೆ, ಆಧಾರ್ ಮತ್ತು ಬ್ಯಾಂಕ್ ಪುಸ್ತಕ ಪಕ್ಕದಲ್ಲಿರಲಿ.